ಡೆಂಟಲ್ ಕಾಲೇಜಿನಲ್ಲಿ ‘ಸ್ಟಡಿಗೆ ಸಹಿ ಹಾಕಿ’ ಎಂದರೆ ಏನರ್ಥ? ಎಂಡಿಎಸ್ ಸಂಶೋಧನೆ ನಡೆಯುವುದು ಹೀಗೆ

“ಡೆಂಟಲ್ ಕಾಲೇಜಿಗೆ ಹೋಗಬೇಡಿ, ಕಲಿಯೋ ಹುಡುಗರು ನಿಮ್ಮ ಬಾಯಲ್ಲಿ ಪ್ರಯೋಗ ಮಾಡುತ್ತಾರೆ. ಥೀಸಿಸ್‌ಗೆ ಬೇಕು ಅಂತ ಗಟ್ಟಿ ಹಲ್ಲನ್ನೂ ಕೀಳುತ್ತಾರೆ.” ಈ ಅರ್ಥದ ಮಾತು ಫ್ಯಾಮಿಲಿ ಗ್ರೂಪ್‌ಗಳಲ್ಲಿ, ಪಿಜಿ ಹಾಸ್ಟೆಲ್ ಗ್ರೂಪ್‌ಗಳಲ್ಲಿ, ಫ್ಯಾಕ್ಟರಿ ಶಿಫ್ಟ್ ಗ್ರೂಪ್‌ಗಳಲ್ಲಿ ಬೇರೆ ಬೇರೆ ವೇಷದಲ್ಲಿ ಓಡಾಡುತ್ತಲೇ ಇರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಇದನ್ನು ನಂಬಿ ಕಡಿಮೆ ಖರ್ಚಿನ ಚಿಕಿತ್ಸೆಯನ್ನೇ ಬಿಟ್ಟವರು, ಹಲ್ಲುನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾ ಕೂತು ಕೊನೆಗೆ ಮುಖ ಊದಿಸಿಕೊಂಡು ಬರುವವರು ನಮ್ಮ ನಡುವೆ ಇದ್ದಾರೆ.

ಹಾಗಾದರೆ ಈ ಮಾತಿನಲ್ಲಿ ನಿಜ ಎಷ್ಟು? ಡೆಂಟಲ್ ಕಾಲೇಜುಗಳಲ್ಲಿ ಸಂಶೋಧನೆ ನಡೆಯುತ್ತದೆ ಎನ್ನುವುದು ನಿಜ. ಅದಿಲ್ಲದೆ ದಂತವೈದ್ಯಕೀಯದ ಸ್ನಾತಕೋತ್ತರ ಪದವಿ, ಅಂದರೆ ಎಂಡಿಎಸ್, ಸಿಗುವುದೇ ಇಲ್ಲ. ನಿಮಗೆ ಹೇಳದೆ ಕೇಳದೆ ನಿಮ್ಮನ್ನು ಅದರಲ್ಲಿ ಸೇರಿಸಿಕೊಳ್ಳಬಹುದು ಎನ್ನುವುದು ಸುಳ್ಳು. ಥೀಸಿಸ್‌ಗಾಗಿ ಗಟ್ಟಿ ಹಲ್ಲು ಕೀಳಬಹುದು ಎನ್ನುವುದೂ ಸುಳ್ಳು.

ಪಿಜಿ ಡಾಕ್ಟರ್ ಎಂದರೆ ‘ಕಲಿಯೋ ಹುಡುಗ’ನೇ?

ವೈಟ್‌ಫೀಲ್ಡ್‌ನ ನಲ್ಲೂರಹಳ್ಳಿಯ ವೈದೇಹಿ ದಂತ ವಿಜ್ಞಾನ ಸಂಸ್ಥೆ, ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಹೋಗುವ ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿರುವ ಆಕ್ಸ್‌ಫರ್ಡ್ ಡೆಂಟಲ್ ಕಾಲೇಜು, ಪೀಣ್ಯದ ದಿಕ್ಕಿನ ತುಮಕೂರು ರಸ್ತೆಯಲ್ಲಿರುವ ಕೆಎಲ್ಇ ದಂತ ವಿಜ್ಞಾನ ಸಂಸ್ಥೆ, ಇಂಥ ಕಾಲೇಜುಗಳ ಹೊರರೋಗಿ ವಿಭಾಗಕ್ಕೆ ಬೆಳಿಗ್ಗೆ ಹೋದರೆ ನಿಮ್ಮನ್ನು ಮೊದಲು ನೋಡುವವರು ಬಹುಪಾಲು ವಿದ್ಯಾರ್ಥಿಗಳೇ. ಆದರೆ ಅವರಲ್ಲಿ ಎರಡು ಬಗೆ. ಬಿಡಿಎಸ್ ಓದುತ್ತಿರುವವರು ಅಥವಾ ಇಂಟರ್ನ್‌ಗಳು ಒಂದು ಬಗೆ. ಬಿಡಿಎಸ್ ಮುಗಿಸಿ, ದಂತವೈದ್ಯರಾಗಿ ನೋಂದಣಿ ಮಾಡಿಸಿಕೊಂಡು, ನೀಟ್-ಎಂಡಿಎಸ್ ಪರೀಕ್ಷೆ ಬರೆದು ಬಂದವರು ಇನ್ನೊಂದು ಬಗೆ. ಎರಡನೆಯವರೇ ಪಿಜಿಗಳು. ಇವರು ಕಾನೂನಿನ ಪ್ರಕಾರ ಆಗಲೇ ದಂತವೈದ್ಯರು. ಬೇಕಿದ್ದರೆ ನಾಳೆಯೇ ಕ್ಲಿನಿಕ್ ಬೋರ್ಡ್ ಹಾಕಬಹುದು. ಒಂಬತ್ತು ವಿಶೇಷ ಶಾಖೆಗಳಲ್ಲಿ ಒಂದನ್ನು ಆರಿಸಿಕೊಂಡು ಮತ್ತೆ ಮೂರು ವರ್ಷ ಕಲಿಯಲು ಬಂದಿದ್ದಾರೆ, ಅಷ್ಟೇ. ವಸಡಿನ ಶಾಖೆ, ಕ್ಲಿಪ್ ಹಾಕುವ ಶಾಖೆ, ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆ, ರೂಟ್ ಕೆನಾಲ್, ಮಕ್ಕಳ ಹಲ್ಲು, ಕೃತಕ ಹಲ್ಲು, ಬಾಯಿಯ ರೋಗ ಮತ್ತು ಎಕ್ಸ್‌ರೇ, ರೋಗಶಾಸ್ತ್ರ, ಸಮುದಾಯ ದಂತ ಆರೋಗ್ಯ, ಇವೇ ಆ ಒಂಬತ್ತು.

ಮೇಲೆ ಹೇಳಿದ ಮೂರೂ ಕಾಲೇಜುಗಳು 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಪಿಜಿ ವಿದ್ಯಾರ್ಥಿ ಏನು ಓದಬೇಕು, ಎಷ್ಟು ಕೇಸ್ ಮಾಡಬೇಕು, ಸಂಶೋಧನೆ ಹೇಗೆ ನಡೆಸಬೇಕು ಎನ್ನುವುದಕ್ಕೆ ಭಾರತೀಯ ದಂತ ಪರಿಷತ್ತು 2017ರಲ್ಲಿ ಎಂಡಿಎಸ್ ನಿಯಮಾವಳಿ ಹೊರಡಿಸಿದೆ. ಈ ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ದಂತ ಆಯೋಗವನ್ನು ತರುವ ಕಾಯ್ದೆಗೆ 2023ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಬೋರ್ಡಿನ ಹೆಸರು ಯಾವುದೇ ಇರಲಿ, ಪಿಜಿ ಒಬ್ಬರೇ ಸಂಶೋಧನೆ ಮಾಡುವಂತಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ‘ಗೈಡ್’ ಇರಲೇಬೇಕು. ಅದೇ ವಿಭಾಗದ, ಸ್ನಾತಕೋತ್ತರ ಶಿಕ್ಷಕರೆಂದು ಮಾನ್ಯತೆ ಪಡೆದ ಹಿರಿಯ ವೈದ್ಯರು ಇವರು. ಪ್ರಬಂಧದ ಮೊದಲ ಪುಟಗಳಲ್ಲಿ ಗೈಡ್, ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರು ಮೂವರೂ ಸಹಿ ಹಾಕುತ್ತಾರೆ. ತಪ್ಪಾದರೆ ಪ್ರಶ್ನೆ ಮೂವರ ಮೇಲೂ ಬರುತ್ತದೆ.

ಮೂವತ್ತಾರು ತಿಂಗಳ ಲೆಕ್ಕ

ಎಂಡಿಎಸ್ ಸಂಶೋಧನೆಯ ಶಕ್ತಿ ಏನು, ಮಿತಿ ಏನು ಎಂದು ತಿಳಿಯಲು ಅದರ ಕ್ಯಾಲೆಂಡರ್ ನೋಡಿದರೆ ಸಾಕು.

ಕಾಲೇಜಿಗೆ ಸೇರಿದ ಆರು ತಿಂಗಳೊಳಗೆ ವಿದ್ಯಾರ್ಥಿ ‘ಸಿನಾಪ್ಸಿಸ್’ ಎಂಬ ಯೋಜನಾ ಬರಹವನ್ನು ವಿಶ್ವವಿದ್ಯಾಲಯಕ್ಕೆ ಕೊಡಬೇಕು. ಯಾವ ಪ್ರಶ್ನೆ, ಈಗಾಗಲೇ ಯಾರು ಏನು ಕಂಡುಕೊಂಡಿದ್ದಾರೆ, ಎಷ್ಟು ರೋಗಿಗಳು, ಯಾರನ್ನು ಸೇರಿಸುತ್ತೀರಿ, ಯಾರನ್ನು ಬಿಡುತ್ತೀರಿ, ಏನು ಅಳೆಯುತ್ತೀರಿ, ಎಲ್ಲವೂ ಅದರಲ್ಲಿರಬೇಕು. ಹೊಸ ಊರು, ಹೊಸ ವಿಭಾಗ, ರಾತ್ರಿ ಡ್ಯೂಟಿ, ಇವುಗಳ ನಡುವೆ ಈ ಆರು ತಿಂಗಳು ಹೇಗೆ ಕಳೆಯಿತು ಎಂದು ಯಾವ ಪಿಜಿಯನ್ನಾದರೂ ಕೇಳಿ ನೋಡಿ. ಇನ್ನೊಂದು ತುದಿಯಲ್ಲಿ, ಸಿದ್ಧವಾದ ಪ್ರಬಂಧವನ್ನು ಕೊನೆಯ ಪರೀಕ್ಷೆಗೆ ಆರು ತಿಂಗಳ ಮುಂಚೆ ಸಲ್ಲಿಸಬೇಕು. ಪರೀಕ್ಷಕರು ಅದನ್ನು ಒಪ್ಪಿದರೆ ಮಾತ್ರ ಪರೀಕ್ಷೆಗೆ ಕೂರಬಹುದು.

ಈಗ ಕಳೆಯಿರಿ. 36 ತಿಂಗಳಲ್ಲಿ ಮುಂದಿನ 6, ಹಿಂದಿನ 6 ಹೋದರೆ ಉಳಿಯುವುದು 24. ರೋಗಿಗಳನ್ನು ಹುಡುಕುವುದು, ಚಿಕಿತ್ಸೆ ಕೊಡುವುದು, ಮತ್ತೆ ಮತ್ತೆ ಕರೆಸಿ ಅಳೆಯುವುದು, ಲೆಕ್ಕ ಹಾಕುವುದು, ಬರೆಯುವುದು ಎಲ್ಲವೂ ಈ ಎರಡು ವರ್ಷದಲ್ಲೇ ಆಗಬೇಕು. ಪ್ರತಿ ರೋಗಿಯನ್ನೂ ಒಂದು ವರ್ಷ ಗಮನಿಸಬೇಕು ಎಂದು ಯೋಜನೆಯಲ್ಲಿ ಬರೆದಿದ್ದರೆ, ರೋಗಿಗಳನ್ನು ಸೇರಿಸಿಕೊಳ್ಳಲು ಸಿಗುವ ಸಮಯ ಒಂದು ವರ್ಷಕ್ಕಿಂತ ಕಡಿಮೆ. ಹಾಗಾಗಿಯೇ ಬಹಳಷ್ಟು ಎಂಡಿಎಸ್ ಪ್ರಬಂಧಗಳಲ್ಲಿ ಮೂವತ್ತು, ನಲವತ್ತು, ಅರವತ್ತು ರೋಗಿಗಳು, ಮೂರು ಅಥವಾ ಆರು ತಿಂಗಳ ಗಮನಿಕೆ ಕಾಣುತ್ತದೆ. “ಹತ್ತು ವರ್ಷದ ನಂತರ ಇಂಪ್ಲಾಂಟ್ ಏನಾಗುತ್ತದೆ” ಎಂಬ ಪ್ರಶ್ನೆಗೆ ಒಬ್ಬ ಪಿಜಿ ತಾನೇ ರೋಗಿಗಳನ್ನು ಹಿಂಬಾಲಿಸಿ ಉತ್ತರ ತರಲಾರ. ಹಳೆಯ ಕಡತ ತೆಗೆದು ನೋಡಬಹುದು ಅಷ್ಟೇ. ಫಾರ್ವರ್ಡ್‌ನಲ್ಲಿ “ಬೆಂಗಳೂರಿನ ಡೆಂಟಲ್ ಕಾಲೇಜಿನ ಸಂಶೋಧನೆಯಿಂದ ಸಾಬೀತು” ಎಂದು ಬಂದಾಗ ಈ 24 ತಿಂಗಳ ಲೆಕ್ಕ ನೆನಪಿಗೆ ಬರಲಿ.

ಇದಲ್ಲದೆ ‘ಲೈಬ್ರರಿ ಡಿಸರ್ಟೇಷನ್’ ಎಂದು ಇನ್ನೊಂದಿದೆ. ಅದಕ್ಕೆ ರೋಗಿಗಳೇ ಬೇಡ. ಒಂದು ವಿಷಯದ ಬಗ್ಗೆ ಜಗತ್ತಿನಲ್ಲಿ ಬಂದಿರುವ ಬರಹಗಳನ್ನು ಓದಿ ಒಟ್ಟು ಮಾಡುವ ಕೆಲಸ ಅದು.

ಗಟ್ಟಿ ಹಲ್ಲು ಕೀಳುತ್ತಾರಾ?

ಈ ವದಂತಿ ಹುಟ್ಟಲು ಒಂದು ಕಾರಣವಿದೆ. ಎಂಡಿಎಸ್ ಸಂಶೋಧನೆಯಲ್ಲಿ ದೊಡ್ಡ ಪಾಲು ಬಾಯಿಯ ಒಳಗೆ ನಡೆಯುವುದೇ ಇಲ್ಲ, ಕಿತ್ತ ಹಲ್ಲುಗಳ ಮೇಲೆ ನಡೆಯುತ್ತದೆ. ಹೊಸ ಅಂಟು ಹಲ್ಲಿಗೆ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ, ರೂಟ್ ಕೆನಾಲ್ ಫೈಲ್ ಬೇರಿನಲ್ಲಿ ಬಿರುಕು ಮೂಡಿಸುತ್ತದೆಯೇ, ಇಂಥದ್ದನ್ನು ಬದುಕಿರುವವರ ಬಾಯಲ್ಲಿ ಪರೀಕ್ಷಿಸಲು ಆಗದು. ಅದಕ್ಕೆ ನಲವತ್ತೋ ಎಂಬತ್ತೋ ಹಲ್ಲುಗಳು ಬೇಕು.

ಅವು ಬರುವುದು ಎಲ್ಲಿಂದ? ಹಲ್ಲು ಕಿಕ್ಕಿರಿದವರಿಗೆ ಕ್ಲಿಪ್ ಹಾಕುವ ಮುಂಚೆ ಜಾಗ ಮಾಡಲು ಅನೇಕ ಬಾರಿ ಸಣ್ಣ ದವಡೆ ಹಲ್ಲುಗಳನ್ನು ತೆಗೆಯಬೇಕಾಗುತ್ತದೆ. ಅಡ್ಡ ಬೆಳೆದ ಬುದ್ಧಿಹಲ್ಲು ತೆಗೆಯುತ್ತಾರೆ. ವಸಡು ಹಾಳಾಗಿ ಅಲ್ಲಾಡುವ ಹಲ್ಲು ತೆಗೆಯುತ್ತಾರೆ. ಇವೆಲ್ಲ ಚಿಕಿತ್ಸೆಗಾಗಿ ಹೇಗಿದ್ದರೂ ತೆಗೆಯುವ ಹಲ್ಲುಗಳು. ಕ್ಲಿಪ್‌ಗಾಗಿ ತೆಗೆದದ್ದು ಹುಳುಕಿಲ್ಲದ ಗಟ್ಟಿ ಹಲ್ಲೇ ಆಗಿರುತ್ತದೆ. ಟ್ರೇಯಲ್ಲಿ ಅದನ್ನು ಕಂಡವರಿಗೆ “ಚೆನ್ನಾಗಿರೋದನ್ನೇ ಕಿತ್ರು” ಅನ್ನಿಸುವುದು ಸಹಜ. ಪಿಜಿಗಳು ಥೈಮಾಲ್ ದ್ರಾವಣದ ಬಾಟಲಿ ಹಿಡಿದುಕೊಂಡು ವಿಭಾಗದಿಂದ ವಿಭಾಗಕ್ಕೆ, ಊರಿನ ಕ್ಲಿನಿಕ್‌ಗಳಿಗೆ ಸುತ್ತಿ ಹಲ್ಲು ಬೇಡುವುದು ಈ ಕ್ಷೇತ್ರದಲ್ಲಿ ಹಳೆಯ ತಮಾಷೆ. ಸಂಶೋಧನೆಗೆಂದೇ ಹಲ್ಲು ಕೀಳಬಹುದಾಗಿದ್ದರೆ ಆ ಬಾಟಲಿ ಯಾಕೆ ಬೇಕಿತ್ತು? ನೀತಿ ಸಮಿತಿ ಅಂಥ ಯೋಜನೆಯನ್ನು ಮೊದಲ ಪುಟದಲ್ಲೇ ತಿರಸ್ಕರಿಸುತ್ತದೆ.

ಪೀಣ್ಯದಲ್ಲಿ ಕೆಲಸ ಮಾಡುವವರಿಗೆ ಮುಂದಿನ ಹಂತ ಪರಿಚಿತ. ಬೋಲ್ಟ್, ತಂತಿ, ಪ್ಲಾಸ್ಟಿಕ್ ಪಟ್ಟಿ ಎಷ್ಟು ಎಳೆತಕ್ಕೆ ತುಂಡಾಗುತ್ತದೆ ಎಂದು ನೋಡುವ ‘ಯೂನಿವರ್ಸಲ್ ಟೆಸ್ಟಿಂಗ್ ಮೆಷಿನ್’ ಇದೆಯಲ್ಲ, ಹಲ್ಲುಗಳನ್ನು ಪರೀಕ್ಷಿಸುವುದೂ ಅದೇ ಬಗೆಯ ಯಂತ್ರದಲ್ಲಿ. ಹಲ್ಲನ್ನು ಅಕ್ರಿಲಿಕ್ ಅಚ್ಚಿನಲ್ಲಿ ನಿಲ್ಲಿಸಿ, ಅಂಟಿಸಿದ ಬ್ರಾಕೆಟ್ ಮೇಲೆ ಅಲಗಿನಿಂದ ಒತ್ತಡ ಹಾಕುತ್ತಾರೆ. ಕಳಚುವ ಕ್ಷಣದ ಬಲವನ್ನು ಅಂಟಿನ ವಿಸ್ತೀರ್ಣದಿಂದ ಭಾಗಿಸಿದರೆ ಮೆಗಾಪಾಸ್ಕಲ್‌ನಲ್ಲಿ ಉತ್ತರ ಬರುತ್ತದೆ. ಕ್ಲಿಪ್‌ನ ಬ್ರಾಕೆಟ್ ಬಾಯಲ್ಲಿ ನಿಲ್ಲಲು ಸುಮಾರು 6ರಿಂದ 8 ಮೆಗಾಪಾಸ್ಕಲ್ ಸಾಕು ಎಂದು 1975ರಲ್ಲಿ ರೆನಾಲ್ಡ್ಸ್ ಎಂಬವರು ಹೇಳಿದ್ದನ್ನೇ ಇವತ್ತಿಗೂ ಪ್ರಬಂಧಗಳು ಅಳತೆಗೋಲಾಗಿ ಇಟ್ಟುಕೊಳ್ಳುತ್ತವೆ.

ನಮ್ಮ ಕಡೆಗೆ ಈ ಪರೀಕ್ಷೆ ಬರೀ ಪುಸ್ತಕದ ವಿಷಯವಲ್ಲ. ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಟ್ಟ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಗುಳಿ. ಆ ಮಕ್ಕಳು ಬೆಳೆದು ವೈಟ್‌ಫೀಲ್ಡ್‌ಗೆ ಕೆಲಸಕ್ಕೆ ಬಂದು, ಮೊದಲ ಸಂಬಳದಲ್ಲಿ ಹಲ್ಲು ಸರಿಮಾಡಿಸಿಕೊಳ್ಳೋಣ ಎಂದು ಹೋದರೆ ಮಾಮೂಲಿ ಅಂಟು ಸರಿಯಾಗಿ ಹಿಡಿಯದೇ ಇರಬಹುದು. ಫ್ಲೋರೋಸಿಸ್ ಆದ ಹಲ್ಲಿನ ಮೇಲ್ಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಇಂಥ ಹಲ್ಲಿಗೆ ಆಮ್ಲ ಎಷ್ಟು ಸೆಕೆಂಡ್ ಹಚ್ಚಬೇಕು, ಯಾವ ಪ್ರೈಮರ್ ಒಳ್ಳೆಯದು ಎಂಬ ಪ್ರಶ್ನೆ ಕರ್ನಾಟಕದ ಪಿಜಿಗಳಿಗೆ ಪ್ರಿಯವಾದದ್ದರಲ್ಲಿ ಆಶ್ಚರ್ಯವಿಲ್ಲ.

ಬಾಯಲ್ಲೇ ನಡೆಯುವ ಅಧ್ಯಯನ ಹೇಗಿರುತ್ತದೆ?

ಜನ ‘ಪ್ರಯೋಗ’ ಎಂದಾಗ ಯಾರೂ ಕಂಡುಕೇಳರಿಯದ ಔಷಧ ಚುಚ್ಚುವುದನ್ನು ಕಲ್ಪಿಸಿಕೊಳ್ಳುತ್ತಾರೆ. ಎಂಡಿಎಸ್‌ನಲ್ಲಿ ಸಾಮಾನ್ಯವಾಗಿ ನಡೆಯುವುದು ಅದಲ್ಲ. ಈಗಾಗಲೇ ಬಳಕೆಯಲ್ಲಿರುವ ಎರಡು ವಿಧಾನಗಳಲ್ಲಿ ಯಾವುದು ಮೇಲು ಎಂಬ ಹೋಲಿಕೆ. ಬುದ್ಧಿಹಲ್ಲು ತೆಗೆದ ಮೇಲೆ ಊತ ಇಳಿಸಲು ಈ ಔಷಧವೋ ಆ ಔಷಧವೋ? ಮಗುವಿನ ಹಲ್ಲಿಗೆ ಈ ಸಿಮೆಂಟೋ ಆ ಸಿಮೆಂಟೋ? ಯಾರಿಗೆ ಯಾವುದು ಎಂದು ಡಾಕ್ಟರ್ ತಮ್ಮ ಇಷ್ಟದಂತೆ ಹಂಚಿದರೆ ಫಲಿತಾಂಶ ಬಾಗುತ್ತದೆ. ಸುಲಭದ ಕೇಸಿಗೆಲ್ಲ ತಮ್ಮ ಮೆಚ್ಚಿನ ಔಷಧವೇ ಹೋಗಿಬಿಡುತ್ತದೆ. ಅದಕ್ಕೇ ಚೀಟಿ ಎತ್ತುತ್ತಾರೆ, ಅಥವಾ ಕಂಪ್ಯೂಟರ್ ಕೊಟ್ಟ ಸಂಖ್ಯೆಯನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಆ ಕ್ಷಣಕ್ಕೆ ತೆರೆಯುತ್ತಾರೆ. “ನನ್ನ ಚಿಕಿತ್ಸೆಯನ್ನು ಲಾಟರಿಯಲ್ಲಿ ತೀರ್ಮಾನಿಸಿದರು” ಎಂದು ಬೇಸರಪಡುವವರಿದ್ದಾರೆ. ಎರಡೂ ಒಪ್ಪಿತ ಚಿಕಿತ್ಸೆಗಳು, ಯಾವುದು ಮೇಲೆಂದು ನಿಜಕ್ಕೂ ಗೊತ್ತಿಲ್ಲ ಎಂದಾಗ ಮಾತ್ರ ಈ ಲಾಟರಿಗೆ ಅನುಮತಿ.

ದಂತವೈದ್ಯರಿಗೆ ಬೇರೆ ಬಹುಪಾಲು ಡಾಕ್ಟರುಗಳಿಗಿಲ್ಲದ ಒಂದು ಅನುಕೂಲವಿದೆ. ಬಾಯಿಗೆ ಎಡ ಬಲ ಎರಡು ಬದಿ. ಎಡಗಡೆಯ ವಸಡಿಗೆ ಒಂದು ವಿಧಾನ, ಬಲಗಡೆಗೆ ಇನ್ನೊಂದು ಮಾಡಿದರೆ ಇಬ್ಬರು ಬೇರೆ ಬೇರೆ ಮನುಷ್ಯರನ್ನು ಹೋಲಿಸುವ ತಾಪತ್ರಯವಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಬ್ರಷ್ ಮಾಡುವ ಅಭ್ಯಾಸ ಎರಡು ಬದಿಗೂ ಒಂದೇ. ಇದಕ್ಕೆ ‘ಸ್ಪ್ಲಿಟ್ ಮೌತ್’ ಅಧ್ಯಯನ ಎನ್ನುತ್ತಾರೆ. ಕಡಿಮೆ ರೋಗಿಗಳಲ್ಲೇ ಕೆಲಸವಾಗುತ್ತದೆ. ಆದರೆ ಎಲ್ಲದಕ್ಕೂ ಒಗ್ಗದು. ಬಾಯಿ ಮುಕ್ಕಳಿಸುವ ಔಷಧವನ್ನು ಎಡಗಡೆ ಮಾತ್ರ ಮುಕ್ಕಳಿಸಿ ಎಂದರೆ ಆದೀತೇ?

ಇನ್ನು ಕೆಲವು ಅಧ್ಯಯನಗಳಲ್ಲಿ ಚಿಕಿತ್ಸೆಯೇ ಇಲ್ಲ, ನೋಡಿ ಬರೆದುಕೊಳ್ಳುವುದಷ್ಟೇ. ಎಲೆಕ್ಟ್ರೋಪ್ಲೇಟಿಂಗ್, ಬ್ಯಾಟರಿ ಘಟಕಗಳಲ್ಲಿ ಆಮ್ಲದ ಆವಿಯಲ್ಲಿ ಕೆಲಸ ಮಾಡುವವರ ಮುಂದಿನ ಹಲ್ಲುಗಳು ಸವೆಯುತ್ತವೆ ಎನ್ನುವುದು ಜಗತ್ತಿನ ಹಲವು ಕಡೆ ದಾಖಲಾಗಿರುವ ಸಂಗತಿ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಇಂಥ ಸಮೀಕ್ಷೆಗೆ ಬೆಲೆ ಇದೆ. ನನ್ನ ಮಟ್ಟಿಗೆ, ಮತ್ತೊಂದು ಅಂಟನ್ನು ಮತ್ತೊಂದು ಯಂತ್ರದಲ್ಲಿ ಎಳೆಯುವುದಕ್ಕಿಂತ ಇಂಥ ಕೆಲಸಕ್ಕೆ ಹೆಚ್ಚು ಪಿಜಿಗಳು ಹೋಗಬೇಕು. ಗುಟ್ಕಾ ವಿಚಾರವೂ ಹಾಗೆಯೇ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು, ಆದರೆ ಅಡಿಕೆ ಪ್ಯಾಕೆಟ್ ಒಂದು, ತಂಬಾಕು ಪ್ಯಾಕೆಟ್ ಒಂದು ಬೆರೆಸಿ ಜಗಿಯುವುದು ನಿಂತಿಲ್ಲ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯಲಾಗದ ಸ್ಥಿತಿಗೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಕೆಲವರಲ್ಲಿ ಅದು ಕ್ಯಾನ್ಸರ್ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ತಂಬಾಕಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಈ ರೋಗಿಗಳ ಮೇಲಿನ ಎಂಡಿಎಸ್ ಅಧ್ಯಯನಗಳಲ್ಲಿ ಮುಖ್ಯ ಅಳತೆ ತೀರಾ ಸರಳ: ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಎಷ್ಟು ಮಿಲಿಮೀಟರ್ ತೆರೆಯುತ್ತದೆ ಎಂಬುದು.

ಭಯಕ್ಕೆ ಇತಿಹಾಸದಲ್ಲಿ ಕಾರಣವಿದೆ

ಫಾರ್ವರ್ಡ್ ಸುಳ್ಳು ಎಂದ ಮಾತ್ರಕ್ಕೆ ಅದರ ಹಿಂದಿನ ಭಯ ಮೂರ್ಖತನವಲ್ಲ. ಸ್ವೀಡನ್ನಿನ ಲುಂಡ್ ಊರಿನ ಬಳಿ ವೀಪೆಹೋಲ್ಮ್ ಎಂಬ ಆಸ್ಪತ್ರೆಯಿತ್ತು. ಬುದ್ಧಿಮಾಂದ್ಯರೆಂದು ಸೇರಿಸಿದ್ದ ಜನರನ್ನು ಅಲ್ಲಿ ಇಟ್ಟಿದ್ದರು. 1940ರ ದಶಕದ ಕೊನೆಯಲ್ಲಿ ಅವರಲ್ಲಿ ಕೆಲವರಿಗೆ ಹಲ್ಲಿಗೆ ಅಂಟಿಕೊಳ್ಳುವ ಟಾಫಿಯನ್ನು ದಿನವೂ ಬೇಕೆಂದೇ ತಿನ್ನಿಸಿದರು, ಹಲ್ಲು ಹುಳುಕಾಗುತ್ತದೋ ಇಲ್ಲವೋ ನೋಡಲು. ಅನೇಕರ ಹಲ್ಲುಗಳು ಹಾಳಾದವು. ಯಾರೂ ಅವರ ಒಪ್ಪಿಗೆ ಕೇಳಿರಲಿಲ್ಲ. ಫಲಿತಾಂಶ 1954ರಲ್ಲಿ ಪ್ರಕಟವಾಯಿತು: ಒಟ್ಟು ಎಷ್ಟು ಸಕ್ಕರೆ ತಿಂದಿರಿ ಎನ್ನುವುದಕ್ಕಿಂತ, ಊಟದ ನಡುನಡುವೆ ಅಂಟುವ ಸಿಹಿಯನ್ನು ಎಷ್ಟು ಸಲ ತಿಂದಿರಿ ಎನ್ನುವುದೇ ಮುಖ್ಯ. ಇವತ್ತು ಡಾಕ್ಟರು ನಿಮ್ಮ ಮಗುವಿಗೆ “ಚಾಕೊಲೇಟ್ ಕೊಡಲೇಬೇಕಿದ್ದರೆ ಊಟದ ಜೊತೆಗೇ ಕೊಡಿ” ಎನ್ನುತ್ತಾರಲ್ಲ, ಆ ತಿಳಿವಳಿಕೆಗೆ ಆ ಜನ ತೆತ್ತ ಬೆಲೆ ಇದು.

ಇಂಥ ಘಟನೆಗಳ ನಂತರವೇ ಜಗತ್ತು ನಿಯಮ ಬರೆಯಿತು. 1964ರ ಹೆಲ್ಸಿಂಕಿ ಘೋಷಣೆ ಅದರಲ್ಲಿ ಪ್ರಮುಖ. ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ರಾಷ್ಟ್ರೀಯ ನೀತಿ ಮಾರ್ಗಸೂಚಿ, ಔಷಧ ಪ್ರಯೋಗಗಳಿಗೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಇವೆ.

ಇದರ ಹೃದಯ ಕಾಲೇಜಿನ ಸಾಂಸ್ಥಿಕ ನೀತಿ ಸಮಿತಿ. ಅದರಲ್ಲಿ ಕನಿಷ್ಠ ಏಳು ಸದಸ್ಯರು ಇರಬೇಕು. ಅರ್ಧದಷ್ಟಾದರೂ ಜನ ಆ ಕಾಲೇಜಿಗೆ ಸಂಬಂಧಿಸದವರಾಗಿರಬೇಕು. ಅಧ್ಯಕ್ಷರು ಹೊರಗಿನವರೇ ಆಗಬೇಕು. ಕಾನೂನು ತಿಳಿದವರು, ಸಮಾಜ ವಿಜ್ಞಾನ ತಿಳಿದವರು ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ವೈದ್ಯಕೀಯದ ಗಂಧವಿಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಬೇಕು. “ಈ ಒಪ್ಪಿಗೆ ಪತ್ರ ನನಗೇ ಅರ್ಥವಾಗಲಿಲ್ಲ, ರೋಗಿಗೆ ಹೇಗೆ ಅರ್ಥವಾಗುತ್ತದೆ?” ಎಂದು ಕೇಳುವುದೇ ಅವರ ಕೆಲಸ. ಸಮಿತಿ ಒಪ್ಪುವ ಮುನ್ನ ಒಬ್ಬ ರೋಗಿಯನ್ನೂ ಸೇರಿಸುವಂತಿಲ್ಲ.

ನೀವೇ ಪರಿಶೀಲಿಸಬಹುದಾದ ಜಾಗವೂ ಒಂದಿದೆ. 2007ರಿಂದ ನಡೆಯುತ್ತಿರುವ ‘ಸಿಟಿಆರ್‌ಐ’, ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ತಾಣ. 2018ರ ಏಪ್ರಿಲ್ 1ರ ನಂತರ, ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಟ್ರಯಲ್ ಅಲ್ಲಿ ನೋಂದಣಿಯಾಗಬೇಕು. ಇದು ಸ್ನಾತಕೋತ್ತರ ಪ್ರಬಂಧವೇ ಎಂದು ಕೇಳುವ ಅಂಕಣವೂ ಅದರಲ್ಲಿದೆ. ತಾಣ ಎಲ್ಲರಿಗೂ ತೆರೆದಿದೆ, ಮೊಬೈಲಿನಲ್ಲೇ ಹುಡುಕಬಹುದು. ಮೊದಲೇ ನೋಂದಾಯಿಸುವುದರ ಲಾಭ ಏನೆಂದರೆ, ಆಮೇಲೆ ಫಲಿತಾಂಶ ಬೇಕಾದಂತೆ ಬರಲಿಲ್ಲ ಎಂದು ಪ್ರಶ್ನೆಯನ್ನೇ ಬದಲಾಯಿಸಿದರೆ ಸಿಕ್ಕಿಬೀಳುತ್ತಾರೆ.

ಸಹಿ ಕೇಳಿದಾಗ ನೀವು ಕೇಳಬೇಕಾದದ್ದು

ಎರಡು ಸಹಿಗಳನ್ನು ಬೆರೆಸಬೇಡಿ. ಹಲ್ಲು ತೆಗೆಯುವ ಮುಂಚೆ, ಶಸ್ತ್ರಚಿಕಿತ್ಸೆಗೆ ಮುಂಚೆ ಹಾಕುವ ಸಹಿ ಚಿಕಿತ್ಸೆಗೆ ಒಪ್ಪಿಗೆ. ಅದು ಎಲ್ಲ ಆಸ್ಪತ್ರೆಯಲ್ಲೂ ಇದೆ. ಸಂಶೋಧನೆಯ ಒಪ್ಪಿಗೆ ಪತ್ರ ಬೇರೆಯೇ. ಅದರ ಜೊತೆ ‘ರೋಗಿ ಮಾಹಿತಿ ಪತ್ರ’ ಇರಬೇಕು, ನಿಮಗೆ ಬರುವ ಭಾಷೆಯಲ್ಲಿ ಇರಬೇಕು, ಅದರ ಒಂದು ಪ್ರತಿ ನಿಮ್ಮ ಕೈಗೆ ಸಿಗಬೇಕು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸರತಿ ಸಾಲಿನಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ, ಬಂಗಾಳಿ, ಒಡಿಯಾ ಎಲ್ಲವೂ ಕೇಳಿಸುತ್ತದೆ. ಕನ್ನಡ ಓದಲು ಬಾರದ ಕಾರ್ಮಿಕರಿಂದ ಕನ್ನಡ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಓದಲು ಬಾರದವರಿಗೆ ಓದಿ ಹೇಳಬೇಕು, ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಮಕ್ಕಳಾದರೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು. ಏಳು ವರ್ಷ ದಾಟಿದ ಮಗುವನ್ನು ಬಾಯಿಮಾತಿನಲ್ಲಾದರೂ ಕೇಳಬೇಕು, ಹನ್ನೆರಡು ದಾಟಿದ್ದರೆ ಮಗುವಿನ ಲಿಖಿತ ಸಮ್ಮತಿಯೂ ಬೇಕು.

ನಿರಾಕರಿಸಿದರೆ ಚಿಕಿತ್ಸೆ ಸಿಗುವುದಿಲ್ಲವೇ? ಸಿಗಲೇಬೇಕು. ಅರ್ಧದಲ್ಲಿ ಬಿಟ್ಟು ಬರಬಹುದೇ? ಬರಬಹುದು, ಕಾರಣವನ್ನೂ ಹೇಳಬೇಕಿಲ್ಲ. ದುಡ್ಡಿನ ವಿಷಯದಲ್ಲಿ ಮಾರ್ಗಸೂಚಿ ಸ್ಪಷ್ಟ: ನಿಮ್ಮ ಮಾಮೂಲಿ ಚಿಕಿತ್ಸೆಗೆ ಬೇಕಿಲ್ಲದ, ಸಂಶೋಧನೆಗಾಗಿ ಮಾತ್ರ ಮಾಡುವ ಎಕ್ಸ್‌ರೇ, ರಕ್ತ ಪರೀಕ್ಷೆ, ಸ್ಕ್ಯಾನ್‌ಗಳ ಖರ್ಚು ನಿಮ್ಮದಲ್ಲ. ಸ್ಟಡಿಗೆ ಮತ್ತೆ ಮತ್ತೆ ಬರುವ ಬಸ್ ಚಾರ್ಜು ಕೇಳಲು ನಾಚಿಕೆ ಬೇಡ, ಅದನ್ನು ಕೊಡುವುದಕ್ಕೂ ಅವಕಾಶವಿದೆ. ದಿನಗೂಲಿಯವರಿಗೆ ಒಂದು ‘ಫಾಲೋ ಅಪ್’ ಎಂದರೆ ಒಂದು ದಿನದ ಸಂಬಳ. ರೋಗಿಗಳು ಮೂರನೇ ಭೇಟಿಗೆ ಬರಲಿಲ್ಲ ಎಂದು ಗೊಣಗುವ ಪಿಜಿಗಳು ಇದನ್ನು ಯೋಚಿಸಬೇಕು. ಸಂಶೋಧನೆಯಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ ನಿಮ್ಮ ಹಕ್ಕು. ಪತ್ರದಲ್ಲಿ ಸಂಶೋಧಕರ ಫೋನ್ ನಂಬರ್ ಮಾತ್ರವಲ್ಲ, ದೂರು ಹೇಳಲು ನೀತಿ ಸಮಿತಿಯ ಸಂಪರ್ಕವೂ ಇರಬೇಕು. ಇಲ್ಲದಿದ್ದರೆ ಸಹಿ ಹಾಕುವ ಮುಂಚೆ “ಗೈಡ್ ಯಾರು, ಅವರನ್ನು ಕರೆಯಿರಿ” ಎನ್ನಿ. ಒಳ್ಳೆಯ ಪಿಜಿಗೆ ಇದರಿಂದ ಸಿಟ್ಟು ಬರುವುದಿಲ್ಲ.

ನಿಮ್ಮ ಹಲ್ಲಿನ ಫೋಟೋ ತೆಗೆಯುವುದು ಸಾಮಾನ್ಯ. ಮುಖ ಗುರುತು ಸಿಗುವ ಫೋಟೋವನ್ನು ಪ್ರಕಟಿಸಲು ಪ್ರತ್ಯೇಕ ಒಪ್ಪಿಗೆ ಬೇಕು. ತೆಗೆದುಕೊಂಡ ರಕ್ತ, ಜೊಲ್ಲು, ಅಂಗಾಂಶದ ಚೂರು ಮುಂದೆ ಬೇರೆ ಸಂಶೋಧನೆಗೂ ಬಳಕೆಯಾಗುತ್ತದೆಯೇ ಎಂದು ಕೇಳಿ, ಅದಕ್ಕೆ ‘ಬೇಡ’ ಎನ್ನುವ ಹಕ್ಕಿದೆ.

ಕಂಪನಿಯೊಳಗೆ ನಡೆಯುವ ದಂತ ಶಿಬಿರಗಳ ಬಗ್ಗೆ ಒಂದು ಮಾತು. ಈ ಐಟಿ ಮತ್ತು ಕೈಗಾರಿಕಾ ಪಟ್ಟಿಯಲ್ಲಿ ಸಮುದಾಯ ದಂತ ವಿಭಾಗದವರಿಗೆ ಸಮೀಕ್ಷೆಗೆ ಜನ ಸುಲಭವಾಗಿ ಸಿಗುವುದು ಶಿಬಿರಗಳಲ್ಲೇ. ಒಳಗೆ ಬರಲು ಎಚ್‌ಆರ್ ಅನುಮತಿ ಬೇಕು, ಸರಿ. ಆದರೆ ಎಚ್‌ಆರ್ ಅನುಮತಿ ನಿಮ್ಮ ಒಪ್ಪಿಗೆಯಲ್ಲ. ಮೇಲಧಿಕಾರಿ ಸಾಲಿನಲ್ಲಿ ನಿಲ್ಲಿಸಿದಾಗ ಕೆಲಸಗಾರ ‘ಬೇಡ’ ಎನ್ನಲು ಹೆದರುತ್ತಾನೆ ಎಂಬ ಕಾರಣಕ್ಕೇ ಮಾರ್ಗಸೂಚಿಯು ನೌಕರರನ್ನು ವಿಶೇಷ ರಕ್ಷಣೆ ಬೇಕಾದ ಗುಂಪಿನಲ್ಲಿ ಸೇರಿಸಿದೆ. ಯಾರು ಗುಟ್ಕಾ ಹಾಕುತ್ತಾರೆ, ಯಾರ ಬಾಯಲ್ಲಿ ಬಿಳಿ ಮಚ್ಚೆ ಇದೆ ಎಂಬ ಪಟ್ಟಿ ಹೆಸರಿನ ಸಮೇತ ಕಂಪನಿಗೆ ಹೋಗಕೂಡದು. ಶಿಬಿರದಲ್ಲಿ ಇದನ್ನು ಬಾಯಿಬಿಟ್ಟು ಕೇಳಿ.

ಹಾಗಾದರೆ ಎಲ್ಲ ಥೀಸಿಸ್‌ಗಳೂ ಒಳ್ಳೆಯವೇ?

ಅಲ್ಲ. ಎಂಡಿಎಸ್ ಪ್ರಬಂಧ ಎನ್ನುವುದು ಮೊದಲಿಗೆ ಒಂದು ತರಬೇತಿ. ಪ್ರಶ್ನೆ ಕೇಳುವುದು, ಅಳೆಯುವುದು, ತನ್ನ ಅಳತೆಯನ್ನೇ ಅನುಮಾನಿಸುವುದು, ಇದನ್ನು ಒಮ್ಮೆ ಮಾಡಿದ ಡಾಕ್ಟರು ಮುಂದೆ ಕಂಪನಿ ಪ್ರತಿನಿಧಿ ತಂದ ಬಣ್ಣದ ಕರಪತ್ರಕ್ಕೆ ಸುಲಭವಾಗಿ ಮರುಳಾಗುವುದಿಲ್ಲ. ಅದು ದೊಡ್ಡ ಲಾಭ. ಆದರೆ ಗೈಡ್‌ಗೆ ಸಮಯವಿಲ್ಲದೆ ಹೋದರೆ ಅದೇ ಪ್ರಬಂಧ ಬರೀ ವಿಧಿಯಾಗಿಬಿಡುತ್ತದೆ. ಹಿಂದಿನ ಬ್ಯಾಚಿನ ವಿಷಯವನ್ನೇ ಔಷಧದ ಹೆಸರು ಬದಲಿಸಿ ಮಾಡುವುದು, ಲೆಕ್ಕವನ್ನೆಲ್ಲ ಹೊರಗಿನವರಿಗೆ ಒಪ್ಪಿಸಿ ಅರ್ಥವಾಗದ ಕೋಷ್ಟಕವನ್ನು ಅಂಟಿಸುವುದು, ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ಜರ್ನಲ್‌ಗಳು, ಇವೆಲ್ಲ ಈ ಕ್ಷೇತ್ರದವರೇ ಒಪ್ಪುವ ಕಾಯಿಲೆಗಳು. ನಕಲು ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ನಿಯಮ ತಂದಿತು. ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅದರ ಮೇಲೆ ಹಂತಹಂತವಾಗಿ ಕ್ರಮ. ಪದಗಳ ನಕಲನ್ನು ಸಾಫ್ಟ್‌ವೇರ್ ಹಿಡಿಯುತ್ತದೆ. ಮಾಡದೇ ಇದ್ದ ಅಳತೆಯನ್ನು ಹಿಡಿಯಲು ಗೈಡ್ ಪಕ್ಕದಲ್ಲಿ ನಿಂತಿರಬೇಕು.

ಸಣ್ಣ ಸಂಖ್ಯೆಯ ಅಪಾಯ ತಿಳಿಯಲು ಒಂದು ನಾಣ್ಯ ಸಾಕು. ಹತ್ತು ಸಲ ಚಿಮ್ಮಿದಾಗ ಏಳು ಸಲ ತಲೆ ಬಂದರೆ ನಾಣ್ಯದಲ್ಲಿ ಮೋಸವಿದೆ ಎನ್ನುತ್ತೀರಾ? ಇಲ್ಲ, ಅದು ಆಗಾಗ ಆಗುವಂಥದ್ದೇ. ಸಾವಿರ ಸಲದಲ್ಲಿ ಏಳುನೂರು ಬಂದರೆ ಮಾತ್ರ ಅನುಮಾನ ಬರಬೇಕು. ಇಪ್ಪತ್ತು ಜನರ ಮೇಲೆ ಎರಡು ವಾರ ಮಾಡಿದ ಅಧ್ಯಯನದಲ್ಲಿ ಎಣ್ಣೆ ಮುಕ್ಕಳಿಸಿದವರ ವಸಡು ಸುಧಾರಿಸಿತು ಎಂದು ಬಂದರೆ, ಎಣ್ಣೆ ಕೆಲಸ ಮಾಡಿರಬಹುದು, ನಾಣ್ಯದ ಆಟವೂ ಇರಬಹುದು. ಇನ್ನೊಂದೂ ಇದೆ. “ನಿಮ್ಮ ಹಲ್ಲನ್ನು ಎರಡು ವಾರ ಬಿಟ್ಟು ನೋಡುತ್ತೇವೆ” ಎಂದ ಕೂಡಲೇ ಜನ ಮನೆಗೆ ಹೋಗಿ ಸರಿಯಾಗಿ ಬ್ರಷ್ ಮಾಡಲು ಶುರುಮಾಡುತ್ತಾರೆ. ಎಣ್ಣೆ ಕೊಡದ ಗುಂಪಿನಲ್ಲೂ ವಸಡು ಸುಧಾರಿಸುವುದು ಇದಕ್ಕೇ. ಹೋಲಿಕೆಯ ಗುಂಪೇ ಇಲ್ಲದ ಅಧ್ಯಯನ ಹಿಡಿದುಕೊಂಡು ಬಂದ ಫಾರ್ವರ್ಡ್ ಅನ್ನು ಅಲ್ಲೇ ಬಿಡಬಹುದು.

‘ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಕೊಂದಿತು’ ಎಂಬ ಮಾತಿಗೂ ಇದೇ ಕಿವಿ ಕೊಡಿ. ಲವಂಗದೆಣ್ಣೆ, ಬೇವು, ಅರಿಶಿನ, ಬೆಳ್ಳುಳ್ಳಿ ಎಲ್ಲವೂ ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಒಂದಲ್ಲ ಒಂದು ಪ್ರಮಾಣದಲ್ಲಿ ಕೊಲ್ಲುತ್ತವೆ. ತಟ್ಟೆಯಲ್ಲಿ ಜೊಲ್ಲು ಹರಿಯುವುದಿಲ್ಲ, ನಾಲಿಗೆ ಆಡುವುದಿಲ್ಲ, ಹಲ್ಲಿಗೆ ಪದರಪದರವಾಗಿ ಅಂಟಿದ ಪ್ಲಾಕ್ ಇರುವುದಿಲ್ಲ. ತಟ್ಟೆಯಿಂದ ಕಿತ್ತ ಹಲ್ಲಿಗೆ, ಕಿತ್ತ ಹಲ್ಲಿನಿಂದ ಬಾಯಿಗೆ, ಮೂವತ್ತು ಬಾಯಿಗಳಿಂದ ಸಾವಿರಾರು ಬಾಯಿಗಳಿಗೆ ಹೋಗುವಾಗ ಪ್ರತಿ ಮೆಟ್ಟಿಲಲ್ಲೂ ಒಂದಷ್ಟು ಭರವಸೆಗಳು ಉದುರುತ್ತವೆ.

ಕಾಲೇಜಿಗೆ ಹೋಗುವವರಿಗೆ ಕೊನೆಯದಾಗಿ ಎರಡು ಪ್ರಾಯೋಗಿಕ ವಿಷಯ. ಬೆಳಿಗ್ಗೆ ಬೇಗ ಹೋಗಿ, ಹಿಂದಿನ ಎಕ್ಸ್‌ರೇ ಮತ್ತು ಸಕ್ಕರೆ, ಬಿಪಿ ಮಾತ್ರೆಗಳ ಚೀಟಿ ಜೊತೆಗಿರಲಿ. ಸ್ಟಡಿಗೆ ಸೇರಿಕೊಂಡಿದ್ದರೆ ಮಾಹಿತಿ ಪತ್ರದ ಪ್ರತಿಯನ್ನು ಆ ಚೀಟಿಯ ಜೊತೆಯೇ ಪಿನ್ ಮಾಡಿಡಿ, ಮುಂದಿನ ಭೇಟಿಗೆ ಬೇರೆ ಪಿಜಿ ಕೂತಿದ್ದರೂ ನಿಮ್ಮ ಬಾಯಲ್ಲಿ ಏನು ನಡೆಯುತ್ತಿದೆ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ.